ಬಂಡಿಯ ವಿಮರ್ಶೆ

ತೆಲುಗಿನವರು ಮೋಟಾರ್ ಸೈಕಲ್ಲಿಗೆ ‘ಬಂಡಿ’ ಅಂತಾರೆ. 2001ರಲ್ಲಿ ವಿಶಾಖಪಟ್ಟಣಕ್ಕೆ ವರ್ಗವಾಗಿ ಹೋದ ಹೊಸದರಲ್ಲಿ ಯಾರಾದರೂ ಬಂಡಿಗೆ ಲೋನ್ ಬೇಕು ಎಂದರೆ ನನ್ನ ಕಣ್ಣೆದುರು ಎತ್ತು ಬಂದು ನಿಲ್ಲುತ್ತಿತ್ತು. ಲಿಪಿ ಹೆಚ್ಚುಕಮ್ಮಿ ನಮ್ಮದರ ಹಾಗೇ ಇದ್ದರೂ ತೆಲುಗು ಪೇಪರ್ ಓದಲು ತಿಣುಕಾಡುತ್ತಿದ್ದೆ. ಹಾಗಾಗಿ ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯ ಇಂಗ್ಲಿಷ್ ಮೋಟಾರ್ ಪತ್ರಿಕೆಗಳೇ ಸಂಜೆಯ ಜೊತೆ. ಆ ವರ್ಷವೇ ಬಜಾಜ್ ಪಲ್ಸರ್, ಟಿವಿಎಸ್ ವಿಕ್ಟರ್ ಬಂದಿದ್ದವು. ಬರೆಯುವವರಿಗೆ ಸುಗ್ಗಿ.

ಓದುತ್ತಾ ಓದುತ್ತಾ ನನಗೊಂದು ಅನುಮಾನ ಶುರುವಾಯಿತು. ಓಡಿಸಲು ಬಂಡಿ ಕೊಡುವವರು ಕಂಪನಿಯವರು, ಎಷ್ಟೋ ಸಲ ಟಿಕೆಟ್ಟು, ಹೋಟೆಲು ಕೂಡ ಅವರದೇ. ಪಕ್ಕದ ಪುಟದಲ್ಲಿ ಅದೇ ಬಂಡಿಯ ಜಾಹೀರಾತು. ನಮಗೆ ಬ್ಯಾಂಕಿನಲ್ಲಿ ಹಿರಿಯರು ಹೇಳಿಕೊಟ್ಟ ಮೊದಲ ಪಾಠ, ಗೋಡೌನ್ ಇನ್‌ಸ್ಪೆಕ್ಷನ್ನಿಗೆ ಹೋದಾಗ ಸಾಲಗಾರನ ಮನೆಯಲ್ಲಿ ಊಟ ಮಾಡಬಾರದು ಎಂದು. ಉಂಡವನು ಸುಳ್ಳೇ ಬರೆಯುತ್ತಾನೆ ಅಂತಲ್ಲ. ಕೆಳಸಾಲಿನ ಮೂಟೆ ಎತ್ತಿಸಿ ನೋಡೋದಿಲ್ಲ, ಅಷ್ಟೆ. ಈ ವಿಮರ್ಶಕರೂ ವೇಗ, ತಿರುವು, ಬ್ರೇಕಿನ ಬಗ್ಗೆ ನಿಜವನ್ನೇ ಬರೆಯುತ್ತಿದ್ದರು. ಆದರೆ ಬೀಚ್ ರೋಡಿನ ಉಪ್ಪುಗಾಳಿಗೆ ಸೈಲೆನ್ಸರು ಎಷ್ಟು ತಿಂಗಳು ಬಾಳುತ್ತೆ, ಸ್ಪೇರ್ ಪಾರ್ಟು ಎಷ್ಟು ದಿನಕ್ಕೆ ಬರುತ್ತೆ ಎಂಬ ಮೂಟೆಗಳನ್ನು ಯಾರೂ ಎತ್ತುತ್ತಿರಲಿಲ್ಲ.

ಮುಲಾಜಿಗೆ ಬೀಳದವರೂ ಇದ್ದಾರೆ ಅನ್ನಿ. ಅಮೆರಿಕದಲ್ಲಿ 1936ರಲ್ಲಿ ಕನ್ಸ್ಯೂಮರ್ಸ್ ಯೂನಿಯನ್ ಎಂಬ ಹೆಸರಿನಲ್ಲಿ ಶುರುವಾದ ಸಂಸ್ಥೆಯವರ ಪತ್ರಿಕೆ ಜಾಹೀರಾತು ತೆಗೆದುಕೊಳ್ಳುವುದಿಲ್ಲ, ಪರೀಕ್ಷೆ ಮಾಡುವ ಕಾರನ್ನು ಹೆಸರು ಹೇಳದೆ ಶೋರೂಮಿನಲ್ಲಿ ದುಡ್ಡು ಕೊಟ್ಟು ಕೊಳ್ಳುತ್ತಾರೆ. 2005ರ ಏಪ್ರಿಲ್‌ನಲ್ಲಿ ಲಾಸ್ ಏಂಜಲೀಸ್ ಟೈಮ್ಸ್‌ನ ಡಾನ್ ನೀಲ್ ಪಾಂಟಿಯಾಕ್ ಕಾರೊಂದರ ವಿಮರ್ಶೆಯಲ್ಲಿ ಜನರಲ್ ಮೋಟಾರ್ಸ್‌ನ ಮುಖ್ಯಸ್ಥರನ್ನೇ ಇಳಿಸಬೇಕು ಎಂಬರ್ಥದಲ್ಲಿ ಬರೆದ. ಕಂಪನಿ ಜಾಹೀರಾತು ನಿಲ್ಲಿಸಿತು, ನಾಲ್ಕು ತಿಂಗಳ ಮೇಲೆ ತಾನೇ ವಾಪಸ್ ಬಂತು. ನಮ್ಮಲ್ಲಿ ಪ್ರಚಾರ ಮಾಡುವವರು ಕಂಪನಿಯಿಂದ ಪಡೆದದ್ದನ್ನು ಹೇಳಬೇಕೆಂಬ ಕೇಂದ್ರದ ಮಾರ್ಗಸೂಚಿ ಬಂದದ್ದು 2022ರಲ್ಲಿ.

ಇಷ್ಟೆಲ್ಲ ಅನುಮಾನ ಇದ್ದವನು ನಾನೇ ಎಡವಿದ್ದು ವಿಜಯವಾಡದಲ್ಲಿ. ಅಲ್ಲಿನ ನಮ್ಮ ಬ್ರ್ಯಾಂಚಿನ ಅಟೆಂಡರ್ ಒಂದಿನ ಬಂದು, “ಸಾರ್, ನೀವು ಓದಿದೋರು, ಯಾವ ಬಂಡಿ ತಗೊಳ್ಳಲಿ?” ಅಂದ. ಪತ್ರಿಕೆ ಬಿಡಿಸಿ, ನಾಲ್ಕು ನಕ್ಷತ್ರ ಬಿದ್ದಿದ್ದ ಒಂದಕ್ಕೆ ಬೆರಳಿಟ್ಟೆ. ಸಾಲದ ಕಾಗದಕ್ಕೆ ಸಹಿ ಹಾಕಿದವನೂ ನಾನೇ, 36 ಕಂತು. ಎಂಟನೇ ತಿಂಗಳಿಗೆ ಕ್ಲಚ್ ಹೋಯಿತು. ಪಾರ್ಟು ಒಂದೂವರೆ ತಿಂಗಳು ಬರಲಿಲ್ಲ. ಬೆಜವಾಡದ ಬೇಸಿಗೆ ಗೊತ್ತಲ್ಲ, ಆ ಬಿಸಿಲಲ್ಲಿ ಸೈಕಲ್ ತುಳಿದುಕೊಂಡು ಬರುತ್ತಿದ್ದ. ಕಂತು ಮಾತ್ರ ಒಂದನೇ ತಾರೀಖು ಸಂಬಳದಲ್ಲಿ ಕಟ್ಟಾಗುತ್ತಿತ್ತು. ನನಗೆ ಒಂದು ಮಾತೂ ಅನ್ನಲಿಲ್ಲ.

ತಡೆಯಲಾರದೆ ಅವನ ಜೊತೆ ಆಟೊನಗರಕ್ಕೆ ಹೋದೆ. ಲಾರಿ ಬಾಡಿ ಕಟ್ಟುವ ಶೆಡ್ಡುಗಳ ನಡುವೆ ಒಬ್ಬ ಮೆಕ್ಯಾನಿಕ್ಕು ಕೈ ಒರೆಸಿಕೊಳ್ಳುತ್ತಾ ಹೇಳಿದ: “ಮೇನೇಜರ್ ಗಾರು, ಈ ಬಂಡಿ ಬಂದಾಗಿನಿಂದ ಕ್ಲಚ್ಚೇ ರಿಪೇರಿ ಮಾಡ್ತಿದ್ದೀನಿ. ನನ್ನನ್ನ ಯಾರೂ ಕೇಳಲಿಲ್ಲ.”

ಆಗ ನೆನಪಾದದ್ದು ಚಿಕ್ಕಂದಿನಲ್ಲಿ ತೀರ್ಥಹಳ್ಳಿಯಲ್ಲಿದ್ದ ಪ್ಲಿಮತ್ ಟ್ಯಾಕ್ಸಿ. ಮುಂಬಯಿಯಲ್ಲಿ ಪ್ರೀಮಿಯರ್ ಕಂಪನಿಯವರು ಜೋಡಿಸುತ್ತಿದ್ದ ಅಮೆರಿಕದ ಗಾಡಿ, ಸೋಫಾದಂಥ ಸೀಟು, ಸ್ಟಿಯರಿಂಗಿನ ಪಕ್ಕದಲ್ಲೇ ಗೇರು. ನಾವು ಹನ್ನೊಂದು ಜನ ಅದರಲ್ಲಿ ತುಂಬಿಕೊಂಡು ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುತ್ತಿದ್ದೆವು. ಡ್ರೈವರು ದಾರಿಯುದ್ದಕ್ಕೂ ಅದನ್ನು ಬೈಯುತ್ತಿದ್ದ. “ಹತ್ತೋವಾಗ ಆನೆ ಕಣ್ರೀ, ಇಳಿಯೋವಾಗ ದೇವರೇ ಗತಿ. ಪೆಟ್ರೋಲ್ ಅಂತೂ ಕುಡಿಯೋದಲ್ಲ, ಸ್ನಾನ ಮಾಡುತ್ತೆ.” ಹೊರಡುವ ಮುಂಚೆ ಬ್ರೇಕಿನ ಕಥೆ ಹೇಳಿ, ಬೇಡದವರು ಇಲ್ಲೇ ಇಳೀಬಹುದು ಅನ್ನುತ್ತಿದ್ದ. ಗಾಡಿ ಅವನದೇ, ಹೊಟ್ಟೆಪಾಡೂ ಅದೇ. ಬಾನೆಟ್ಟನ್ನು ಅವನು ಒರೆಸುವ ಚೆಂದ ನೋಡಿದರೆ ಮಗುವಿನ ಬೆನ್ನು ಒರೆಸಿದ ಹಾಗಿರುತ್ತಿತ್ತು.

ಅಟೆಂಡರ್ ಸಾಲ ತೀರಿಸಿ, ಆ ಬಂಡಿಯನ್ನು ಸಿಕ್ಕಷ್ಟಕ್ಕೆ ಮಾರಿ, ಹಳೇ ಸ್ಕೂಟರೊಂದನ್ನು ಕೊಂಡ. ಕೊಳ್ಳುವ ಮುಂಚೆ ಆಟೊನಗರದ ಮೆಕ್ಯಾನಿಕ್ಕನ್ನು ಕೇಳಿದನಂತೆ. ನನ್ನನ್ನು ಕೇಳಲಿಲ್ಲ.