ಎಡಗೈಯಲ್ಲಿ ಅಡಗಿರುವ ವಯಸ್ಸು

ವಯಸ್ಸಾದ ಹೆವಿವೇಟ್ ಬಾಕ್ಸರ್ ಮತ್ತೆ ರಿಂಗಿಗೆ ಇಳಿಯುತ್ತಾನೆಂಬ ಸುದ್ದಿ ಬಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಗುದ್ದಿನಲ್ಲಿ ಇನ್ನೂ ಜೋರಿದೆಯೇ? ಆ ಪ್ರಶ್ನೆಯಿಂದ ಏನೂ ತಿಳಿಯದು. ಗುದ್ದಿನ ಜೋರು ಕಡೆಯವರೆಗೂ ಉಳಿಯುತ್ತದೆ. ಮೊದಲು ಸೋಲುವುದು ಕಾಲು. ಆಮೇಲೆ, ಕಂಡ ಹೊಡೆತಕ್ಕೆ ಮೈ ಮಿಡಿಯುವ ಚುರುಕು.

2024ರ ನವೆಂಬರಿನಲ್ಲಿ ಟೆಕ್ಸಾಸಿನ ಆರ್ಲಿಂಗ್ಟನ್‌ನಲ್ಲಿ ಮೈಕ್ ಟೈಸನ್ ಜೇಕ್ ಪಾಲ್ ಎದುರು ನಿಂತಾಗ ಇದೇ ಆಯಿತು. ಟೈಸನ್ ಅಭ್ಯಾಸದಲ್ಲಿ ಪ್ಯಾಡಿಗೆ ಬಾರಿಸುವ ಕೆಲವೇ ಸೆಕೆಂಡಿನ ತುಣುಕು ನೋಡಿಯೇ ಜನ ಗೆಲುವು ಬರೆದುಬಿಟ್ಟರು. ಪ್ಯಾಡು ತಿರುಗಿ ಹೊಡೆಯುವುದಿಲ್ಲ. ಎರಡೆರಡು ನಿಮಿಷದ ಎಂಟು ಸುತ್ತಿನಲ್ಲಿ 58 ವರ್ಷದ ಟೈಸನ್ ಬೀಸಿದ್ದು 97 ಹೊಡೆತ, ತಗುಲಿದ್ದು 18. ಮೋಸಹೋದೆವೆಂದು ಆಮೇಲೆ ಕೂಗಾಡಿದವರು, ಯಕ್ಷಗಾನದಲ್ಲಿ ದಿಗಿಣಕ್ಕೆ ಚಪ್ಪಾಳೆ ತಟ್ಟಿ ಅರ್ಥಗಾರಿಕೆ ಶುರುವಾದೊಡನೆ ಚಹಾಕ್ಕೆ ಎದ್ದುಹೋಗುವ ಪಂಗಡದವರು.

ರಸಿಕನಾಗಬೇಕೆಂದಿರುವವನು ಜಾಬ್ ನೋಡಲಿ. ಮುಂದಿನ ಕೈಯ, ಅಂದರೆ ಹೆಚ್ಚಿನವರಿಗೆ ಎಡಗೈಯ, ಆ ನೇರ ಹೊಡೆತದಿಂದ ಉರುಳುವವರು ಅಪರೂಪ, ಹಾಗಾಗಿ ತುಣುಕುಗಳಲ್ಲಿ ಅದು ಸಿಗುವುದೂ ಅಪರೂಪ. ಆದರೆ ಓಡಲಾರದವನ ಕಾಲಿನ ಕೆಲಸವನ್ನು ಮಾಡುವುದು ಅದೇ. ಎದುರಾಳಿಯನ್ನು ತೋಳಳತೆಯಲ್ಲಿ ತಡೆದು ನಿಲ್ಲಿಸುತ್ತದೆ, ನುಗ್ಗುವವನ ಲಯ ಕೆಡಿಸುತ್ತದೆ, ಮುದುಕನಿಗೆ ಉಸಿರಾಡಲು ಬಿಡುವು ಕೊಡುತ್ತದೆ. ಕೈ ಚಾಚಿದಾಗ ಮುಂಗಾಲೂ ಜೊತೆಗೆ ಸರಿಯಿತೇ? ಗ್ಲೌಸು ಕೆನ್ನೆಯ ಬಳಿಗೆ ಮರಳಿತೇ, ಸೊಂಟಕ್ಕೆ ಜೋತುಬಿತ್ತೇ? ಆರನೆಯ ಸುತ್ತಿನಲ್ಲೂ ಮೊದಲ ಸುತ್ತಿನಷ್ಟೇ ದೂರ ಹೋಗುತ್ತಿದೆಯೇ? ಕಾಲು ಕದಲದೆ ಬರೀ ತೋಳು ಹೋದರೆ ಮರಳಿ ಬಂದವನ ಕಥೆ ಅಲ್ಲಿಗೆ ಮುಗಿದಂತೆ.

1980ರ ಅಕ್ಟೋಬರ್ 2ರಂದು ಲಾಸ್ ವೇಗಸ್‌ನಲ್ಲಿ 38ರ ಮೊಹಮ್ಮದ್ ಅಲಿ ಹೊಟ್ಟೆ ಕರಗಿಸಿ, ಕೂದಲಿಗೆ ಬಣ್ಣ ಹಚ್ಚಿ ಬಂದಾಗ ಮೈಕಟ್ಟು ನೋಡಿದವರು ನಂಬಿದರು. ಎದುರಿಗಿದ್ದವನು ಒಮ್ಮೆ ಅವನ ಅಭ್ಯಾಸದ ಜೊತೆಗಾರನಾಗಿದ್ದ ಲ್ಯಾರಿ ಹೋಮ್ಸ್, ಹೆವಿವೇಟಿನಲ್ಲಿ ಅತ್ಯುತ್ತಮ ಜಾಬ್ ಇದ್ದವರಲ್ಲಿ ಒಬ್ಬ. ಹತ್ತು ಸುತ್ತು ಆದಮೇಲೆ ಅಲಿಯ ತರಬೇತುದಾರ ಏಂಜೆಲೊ ಡಂಡೀ ಪಂದ್ಯ ನಿಲ್ಲಿಸಿದ. ಎಡಗೈ ನೋಡುತ್ತಿದ್ದವರಿಗೆ ಫಲಿತಾಂಶ ಅದಕ್ಕೂ ಬಹಳ ಮೊದಲೇ ತಿಳಿದಿತ್ತು.

ಈ ಲೇಖಕನ ಕಣ್ಣು ತೆರೆಸಿದ್ದು ಜಾರ್ಜ್ ಫೋರ್‌ಮನ್. 1994ರ ನವೆಂಬರ್ 5ರಂದು, 45ನೆಯ ವಯಸ್ಸಿನಲ್ಲಿ, ಅವನು 26ರ ಮೈಕೆಲ್ ಮೂರರ್‌ನನ್ನು ಕೆಡವಿದ ಆ ಬಲಗೈ ಹೊಡೆತವನ್ನೇ ಲೇಖಕನೂ ಎಲ್ಲರಂತೆ ಬಹುಕಾಲ ಪವಾಡವೆಂದು ತಿಳಿದಿದ್ದ. ಒಂದು ರಾತ್ರಿ ಮನೆಯವರು ಮಲಗಿದ್ದರೆಂದು ಟಿ.ವಿ.ಯ ಧ್ವನಿ ಪೂರ್ತಿ ತಗ್ಗಿಸಿ, ಮೊದಲ ಸುತ್ತಿನಿಂದ ನೋಡಿದ. ವೀಕ್ಷಕ ವಿವರಣೆಯ ಗದ್ದಲವಿಲ್ಲದೆ ಕಂಡದ್ದು ಬೇರೆಯೇ ಪಂದ್ಯ. 1974ರಲ್ಲಿ ಕಿನ್‌ಶಾಸಾದಲ್ಲಿ ಅಲಿಯೆದುರು ಸೋತಾಗ ತೊಟ್ಟಿದ್ದ ಅದೇ ಕೆಂಪು ಚಡ್ಡಿಯಲ್ಲಿ ಆ ದಪ್ಪ ಮನುಷ್ಯ ಪುಟ್ಟಪುಟ್ಟ ಹೆಜ್ಜೆಯಿಟ್ಟು ಮುಂದೆ ಬರುತ್ತಲೇ ಇದ್ದ, ಎಡಗೈ ಚಾಚುತ್ತಲೇ ಇದ್ದ. ಮೂರರ್ ಎಡಚ, ಎಡಚನ ಮುಂಗೈ ಅಡ್ಡ ಬರುವುದರಿಂದ ಜಾಬ್ ಹಾಕುವುದು ಇನ್ನೂ ಕಷ್ಟ. ಮೂವರು ತೀರ್ಪುಗಾರರ ಲೆಕ್ಕದಲ್ಲೂ ಫೋರ್‌ಮನ್ ಹಿಂದಿದ್ದ. ಹತ್ತನೆಯ ಸುತ್ತಿನಲ್ಲಿ ಎಡ, ಬಲ; ಮತ್ತೆ ಎಡ, ಅದರ ಹಿಂದೆಯೇ ಗಲ್ಲಕ್ಕೆ ತುಂಡು ಬಲ. ದಾರಿ ಬಿಡಿಸಿದ್ದು ಎರಡು ಸಲವೂ ಎಡಗೈ. ಆ ರಾತ್ರಿ ಫೋರ್‌ಮನ್‌ನ ಮೂಲೆಯಲ್ಲಿ ನಿಂತಿದ್ದವನು, ಕಿನ್‌ಶಾಸಾದಲ್ಲಿ ಅಲಿಯ ಪಾಳಯದಲ್ಲಿದ್ದ ಅದೇ ಡಂಡೀ.

ದವಡೆಯ ಗಟ್ಟಿತನ, ತೂಕ, ಉಸಿರು ಇವೂ ಮುಖ್ಯವೇ. ಮೂರು ಪಂದ್ಯ ನೋಡಿದರೆ ತಾವಾಗಿ ತಿಳಿಯುತ್ತವೆ. ಮರಳುವ ದಾರಿಯನ್ನು ಮಾತ್ರ ಗಮನಿಸಬೇಕು. 1977ರಲ್ಲಿ ಬಿಟ್ಟುಹೋಗಿ ಪಾದ್ರಿಯಾದ ಫೋರ್‌ಮನ್ 1987ರ ಮಾರ್ಚಿನಲ್ಲಿ ಸ್ಯಾಕ್ರಮೆಂಟೊದಲ್ಲಿ ಮರಳಿದ. ಸಾಮಾನ್ಯ ಎದುರಾಳಿಗಳ ಮೇಲೆ ಆಡುತ್ತಾನೆಂದು ಪತ್ರಿಕೆಗಳು ನಕ್ಕವು. ಹತ್ತು ವರ್ಷ ಬಿಟ್ಟ ಕೈಗೆ ಅಂತರದ ಅಂದಾಜು ಮತ್ತೆ ಹತ್ತಿದ್ದು ಆ ಪಂದ್ಯಗಳಲ್ಲೇ. 1991ರಲ್ಲಿ ಇವಾಂಡರ್ ಹೋಲಿಫೀಲ್ಡ್ ಎದುರು ಸೋತರೂ 12 ಸುತ್ತು ನಿಂತ. ಹೋಮ್ಸ್ ಕೂಡ 1992ರಲ್ಲಿ, 42ರಲ್ಲಿ, ಒಲಿಂಪಿಕ್ ಚಿನ್ನ ಗೆದ್ದಿದ್ದ ರೇ ಮರ್ಸರ್‌ನನ್ನು ಅನುಭವದ ಬಲದಿಂದಲೇ ಮಣಿಸಿದ.

ಹೊಸಬರು ಮೂರರ್ ಪಂದ್ಯದಿಂದ ಶುರುಮಾಡುವುದು ಬೇಡ. ಬಲಗೈ ಕಣ್ಣು ಕಟ್ಟಿಬಿಡುತ್ತದೆ. 1997ರ ನವೆಂಬರಿನಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಫೋರ್‌ಮನ್ ಆಡಿದ ಕಡೆಯ ಪಂದ್ಯ ನೋಡಲಿ. ಅವನಿಗೆ 48, ಎದುರಾಳಿ ಶಾನನ್ ಬ್ರಿಗ್ಸ್‌ಗೆ 25. ನಾಕೌಟ್ ಇಲ್ಲ. ತೀರ್ಪು ಬ್ರಿಗ್ಸ್ ಪಾಲಾಯಿತು, ಅದರ ಮೇಲಿನ ಜಗಳ ಇನ್ನೂ ಮುಗಿದಿಲ್ಲ. ಹನ್ನೆರಡನೆಯ ಸುತ್ತಿನಲ್ಲಿ ಆ ಎಡಗೈ ಎಲ್ಲಿಗೆ ಮರಳುತ್ತದೆ ನೋಡಿ.