ಗುರುವಂದನೆಗೆ ಕರೆಯದವರು

ರೋಣ, ನರಗುಂದ, ಗಜೇಂದ್ರಗಡ ಸೀಮೆಯಾಗ ಈಗ ಗುರುವಂದನೆಯ ಸುಗ್ಗಿ. ಹತ್ತು, ಇಪ್ಪತ್ತು, ಮೂವತ್ತು ವರ್ಷದ ಹಿಂದೆ ಎಸ್ಸೆಸ್ಸೆಲ್ಸಿ ಮುಗಿಸಿದವರು ಊರ ಹೊರಗಿನ ಹೈಸ್ಕೂಲಿನ ಬಯಲಿನಲ್ಲಿ ಕೂಡುತ್ತಾರೆ. ಮಾಸ್ತರರಿಗೆ ಶಾಲು, ಅಕ್ಕೋರಿಗೆ ಸೀರೆ, ಎಲ್ಲರಿಗೂ ಗೋದಿ ಹುಗ್ಗಿ. ಜೊತೆಗೊಂದು ಸ್ಮರಣ ಸಂಚಿಕೆ. ಇವನ್ನು ಸಾಹಿತ್ಯವೆಂದು ನಮ್ಮ ವಿಮರ್ಶಕರು ಎಣಿಸುವುದಿಲ್ಲ. ಆದರೆ ಹೈಸ್ಕೂಲಿನ ಬಗ್ಗೆ ನಮ್ಮ ಕಡೆ ಜನ ಬರೆಯುವುದು, ಓದುವುದು ಇವನ್ನೇ. ಆದ್ದರಿಂದ ಇವನ್ನು ಪರೀಕ್ಷಿಸಬೇಕಾಗಿದೆ.

ನಾನು ಓದಿದ ಸಂಚಿಕೆಗಳ ಧಾಟಿ ಒಂದೇ. ಬೇವಿನ ಗಿಡ, ಗಂಟೆಯ ಸದ್ದು, ಗಣಿತ ಮಾಸ್ತರರ ಬಡಿತ, ಗ್ಯಾದರಿಂಗಿನ ನಾಟಕ. ಬಡಿತ ಇಲ್ಲಿ ಆಶೀರ್ವಾದ, ಬಡತನ ಇಲ್ಲಿ ಚಂದದ ನೆನಪು. "ನಾವೆಲ್ಲ ಒಂದ ಬೆಂಚಿನ್ಯಾಗ ಕುಂತಿದ್ವಿ" ಅಂತ ಬರೀತಾರ. ಕುಂತದ್ದು ಖರೆ. ಗಂಟೆ ಹೊಡೆದ ಮ್ಯಾಲ ಯಾರು ಯಾವ ಓಣಿಗೆ ಹೋದರು, ಯಾರ ಮನಿ ಪಡಸಾಲಿ ತನಕ ಯಾರಿಗೆ ಬರಗೊಟ್ಟರು ಅನ್ನೋದು ಒಂದು ಸಾಲಿನ್ಯಾಗೂ ಇಲ್ಲ. ನೆನಪು ಮಾಡಿಕೊಳ್ಳಲಿಕ್ಕೂ ಪಾಸಾಗಿರಬೇಕು, ಪಟ್ಟಿ ಕೊಡುವ ತಾಕತ್ತು ಇರಬೇಕು. ನಡುವೆ ಸಾಲಿ ಬಿಟ್ಟವರಿಗೆ ಬ್ಯಾಚು ಅನ್ನುವುದೇ ಇಲ್ಲ.

ಸಾಲಿಯ ಬಾಗಿಲಿನ ಕಥೆ ನಮ್ಮ ಸೀಮೆಗೆ ಹೊಸದಲ್ಲ. 1997ರಲ್ಲಿ ಗದಗ ಜಿಲ್ಲೆ ಆಗುವ ತನಕ ನಾವು ಧಾರವಾಡ ಜಿಲ್ಲೆಯವರು. ಅದೇ ಧಾರವಾಡದ ಸರಕಾರಿ ಶಾಲೆಗೆ 1856ರಲ್ಲಿ ಒಬ್ಬ ಮಹಾರ ಹುಡುಗ ಸೇರಲು ಹೋದ. ಸೇರಿಸಿಕೊಳ್ಳಲಿಲ್ಲ. ಅವನು ಅರ್ಜಿ ಹಾಕಿದ. ಅವನೊಬ್ಬನಿಗಾಗಿ ಉಳಿದವರಿಗೆ ಶಾಲೆ ನಿರುಪಯೋಗಿ ಆದೀತು ಎಂದು ಮುಂಬಯಿ ಸರಕಾರ ಅರ್ಜಿ ತಳ್ಳಿಹಾಕಿತು. 1928ರಲ್ಲಿ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಅಂಬೇಡ್ಕರರು ಈ ಪ್ರಕರಣವನ್ನು ಮತ್ತೆ ಎತ್ತಿದರು. 1858ರ ನರಗುಂದ ಬಾಬಾಸಾಹೇಬನ ಬಂಡಾಯ ನಮ್ಮ ಹುಡುಗರಿಗೆ ಬಾಯಿಪಾಠ. ಅದಕ್ಕೆ ಎರಡೇ ವರ್ಷ ಮೊದಲಿನ ಈ ಹುಡುಗನ ಬಂಡಾಯ ನಾನು ಓದಿದ ಯಾವ ಪಾಠದಲ್ಲೂ ಇರಲಿಲ್ಲ.

ಈಗ ಈ ಸಂಚಿಕೆಗಳ ಮಗ್ಗಲಿಗೆ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' (1994), ಸಿದ್ದಲಿಂಗಯ್ಯನವರ 'ಊರುಕೇರಿ' (1996) ಇಟ್ಟು ನೋಡಿರಿ. ಸವಲತ್ತು ಪಡೆದು ಓದುವ ದಲಿತರ ಮೇಲೆ ಎಸೆದ ಕುಚೋದ್ಯದ ಮಾತನ್ನೇ ಮಾಲಗತ್ತಿ ಪುಸ್ತಕದ ಹಣೆಗೆ ಬರೆದರು. ಸಿದ್ದಲಿಂಗಯ್ಯ ಹಸಿವನ್ನೂ ನಗಿಸುತ್ತ ಹೇಳುತ್ತಾರೆ. ಆ ನಗೆ ಆಮೇಲೆ ಗಂಟಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಬೇವಿನ ಗಿಡದ ನೆರಳಿನ ಕನ್ನಡಕ್ಕೆ ಈ ಎರಡು ಪುಸ್ತಕಗಳು ಕೊಟ್ಟ ಪೆಟ್ಟು ದೊಡ್ಡದು.

ಹಾಗಂತ ಇವನ್ನು ಪೂಜೆ ಮಾಡಿ ಕೂಡುವುದರಿಂದ ಉಪಯೋಗವಿಲ್ಲ. ಇವು ದಾಟಿ ಬಂದವರ ಕಥೆಗಳು. ಇಬ್ಬರೂ ಪ್ರಾಧ್ಯಾಪಕರಾದರು. ಮಧ್ಯಮವರ್ಗದ ಓದುಗ "ಕಷ್ಟಪಟ್ಟರೆ ಮೇಲೆ ಬರಬಹುದು" ಎಂಬ ನೀತಿಯನ್ನು ಕಿಸೆಯಲ್ಲಿಟ್ಟುಕೊಂಡು ಹಾಯಾಗಿ ಪುಸ್ತಕ ಮುಚ್ಚುತ್ತಾನೆ. ಇದು ಆ ಲೇಖಕರ ತಪ್ಪಲ್ಲ. ಆದರೆ ಅವರ ನಂತರ ಬಂದ ನಾವು ಅದೇ ದಾಟಿದವನ ಕಥೆಯನ್ನು ಮತ್ತೆ ಮತ್ತೆ ಬರೆದರೆ ತಪ್ಪು ನಮ್ಮದೇ.

ಸಿನಿಮಾದವರೂ ಸಾಲಿಯ ಕಡೆ ನೋಡಿದ್ದಾರೆ. 2018ರ 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು' ಗಡಿನಾಡಿನ ಕನ್ನಡ ಶಾಲೆ ಉಳಿಸುವ ಕಥೆ. ರಾಷ್ಟ್ರಪ್ರಶಸ್ತಿಯೂ ಬಂತು. ಕನ್ನಡ ಶಾಲೆ ಮುಚ್ಚಬಾರದು, ಒಪ್ಪಿದೆ. ಆದರೆ ಆ ಮಕ್ಕಳು ಯಾವ ಕೇರಿಯಿಂದ ಬಂದವರು ಅನ್ನುವುದು ಆ ಚಿತ್ರಕ್ಕೆ ಪ್ರಶ್ನೆಯೇ ಅಲ್ಲ. ಸಾಲಿ ಉಳಿದ ಮ್ಯಾಲ ಒಳಗ ಉಳಿಯೋರು ಯಾರು?

ಹೈಸ್ಕೂಲಿಗೆ ಬಂದರೆ ಈ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ, 8ನೇ ಇಯತ್ತೆ ತನಕ. 9ಕ್ಕೆ ಕಾಲಿಡುವಾಗ ಕಾನೂನು ಕೈಬಿಡುತ್ತದೆ. ಹೆಸರು, ಹತ್ತಿ ಬಿಡಿಸಾಕ ಅದೇ ವಯಸ್ಸಿನ ಕೈ ಬೇಕು. ಗಜೇಂದ್ರಗಡದ ಮಗ್ಗದ ಮನಿಯಾಗೂ ಬೇಕು. ತಾಂಡಾದವರು ಗೋವಾಕ್ಕೆ, ಮಂಗಳೂರಿಗೆ ಗುಳೆ ಹೋಗುವಾಗ ಸಣ್ಣವರನ್ನು ನೋಡಿಕೊಳ್ಳಾಕ ದೊಡ್ಡ ಹುಡುಗಿ ಬೇಕು. 2006-07ರಲ್ಲಿ ಶುರುವಾದ ಎಂಟನೇ ಇಯತ್ತೆಯ ಸೈಕಲ್ ಕೊರೋನಾ ಕಾಲಕ್ಕೆ ನಿಂತಿತು.

ನಮ್ಮ ಮನಿಯಾಗ ಮೊದಲು ಡಿಗ್ರಿ ಕಂಡವ ನಾನು. ಎಂಟನೇ ಇಯತ್ತೆಯಾಗ ನನ್ನ ಜೋಡಿ ಓದಿದ ಒಬ್ಬಾಕಿ ನನಗಿಂತ ಶಾಣ್ಯಾಕಿ. ನಾನು ಹಾಳಿ ಮ್ಯಾಲ ಬಿಡಿಸೋ ಲೆಕ್ಕ ಆಕಿ ಬಾಯಿಲೆ ಹೇಳತಿದ್ಲು. ಒಂಬತ್ತಕ್ಕೆ ಬರಲಿಲ್ಲ. ಮೊನ್ನೆ ಹೊಲದ ದಂಡಿಗೆ ಸಿಕ್ಕಾಗ "ನಮ್ಮ ಬ್ಯಾಚಿನವರು ಕೂಡ್ಯಾರಂತ, ಖರೇನೋ?" ಅಂತ ಕೇಳಿದಳು. ಆಕಿ ಇನ್ನೂ 'ನಮ್ಮ' ಅಂತಾಳ. ಸಂಚಿಕೆಯ ಪಟ್ಟಿಯಲ್ಲಿ ಆಕೆಯ ಹೆಸರಿಲ್ಲ.

2022ರಲ್ಲಿ ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ ಅಧ್ಯಯನವೊಂದು ಹೊರಬಂತು. ಬಿಸಿಯೂಟದಲ್ಲಿ ಮೊಟ್ಟೆ ತಿಂದ ಯಾದಗಿರಿಯ ಮಕ್ಕಳನ್ನು, ಮೊಟ್ಟೆ ಸಿಗದ ನಮ್ಮ ಗದಗ ಜಿಲ್ಲೆಯ ಮಕ್ಕಳ ಜೊತೆ ಹೋಲಿಸಿದರು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು. ಆಮೇಲೆ ಮೊಟ್ಟೆ ಎಲ್ಲ ಜಿಲ್ಲೆಗೂ ಬಂತು. ನಮ್ಮ ಮಕ್ಕಳ ಹಸಿವು ತಕ್ಕಡಿ ಏರಿತು, ಸರಕಾರದ ಕಾಗದದಾಗ ಬಂತು. ನಮ್ಮ ಕವಿತೆಯಾಗ ಬರಲಿಲ್ಲ.

ಇದು ರೂಪದ ಪ್ರಶ್ನೆಯೂ ಹೌದು. ಆತ್ಮಕಥೆಗೆ 'ನಾನು' ಎನ್ನಬಲ್ಲ, ಬರೆಯಬಲ್ಲ ಒಬ್ಬ ಬೇಕು. ನಡುವೆ ಬಿಟ್ಟವರದನ್ನು ಅವರೊಡನೆ ಕುಂತು ಕೇಳಿಯೇ ಬರೆಯಬೇಕು. ಅವರ ಕನ್ನಡದಲ್ಲೇ, ತಿದ್ದದೆ ಬರೆಯಬೇಕು. ಬರೆಯುವ ಗೆಳೆಯರು ತಮ್ಮ ಊರಿನ ಹೈಸ್ಕೂಲಿಗೆ ಹೋಗಿ 8ನೇ ಇಯತ್ತೆಯ ಹಾಜರಿ ಪುಸ್ತಕ, ಅದೇ ಮಕ್ಕಳ 10ನೇ ಇಯತ್ತೆಯ ಹಾಜರಿ ಪುಸ್ತಕ ಎರಡನ್ನೂ ಎದುರಾ ಬದುರಾ ಇಡಲಿ. ಎರಡನೆಯದರಲ್ಲಿ ಕಾಣದ ಹೆಸರುಗಳನ್ನು ಬರೆದುಕೊಂಡು ಅವರ ಮನಿ ಹುಡುಕಲಿ. ಸಂಚಿಕೆ ತರುವವರಿಗೂ ಇಷ್ಟೇ ಮಾತು: ಮುಂದಿನ ಸಲ ಪಟ್ಟಿಯನ್ನು ಎಂಟನೇ ಇಯತ್ತೆಯಿಂದ ಶುರುಮಾಡಿರಿ, ಎಲ್ಲರನ್ನೂ ಕರೆಯಿರಿ.