ಕವರಿನ ಮೇಲಿನ ಕೂಸು

ಹಸಿವಿನ ಬಗ್ಗೆ ಹಾಡುವವರು ಯಾರು, ಆ ಹಾಡು ಯಾರ ಕಿವಿಗೆ, ಬಂದ ದುಡ್ಡು ಯಾರ ಕೈಗೆ? ಈ ಮೂರು ಪ್ರಶ್ನೆ ಕೇಳದೆ ಇಂಥ ಹಾಡುಗಳ ವಿಮರ್ಶೆ ಸಾಧ್ಯವಿಲ್ಲ. ಗಿಟಾರು ಹೇಗೆ ನುಡಿಯಿತು ಎಂಬುದು ಆಮೇಲಿನ ಮಾತು. ಕೊಡಂಬಲದಂಥ ಊರಾಗ ಕುಂತು ನ್ಯೂಯಾರ್ಕಿನ ರಿಕಾರ್ಡಿನ ಬಗ್ಗೆ ಯಾಕ ಬರೀತೀರಿ ಅಂತ ಗೆಳೆಯರು ಕೇಳಬಹುದು. ದಾನಿಗಳು ಹಸಿದವರನ್ನು ನೋಡಿ ಹಾಡು ಕಟ್ಟುತ್ತಾರೆ. ಹಸಿವು ಕಂಡವರು ಆ ಹಾಡನ್ನು ಒಮ್ಮೆ ತಿರುಗಿ ನೋಡಬಾರದೇನು?

1971ರ ಮಾರ್ಚ್‌ನಿಂದ ಪೂರ್ವ ಪಾಕಿಸ್ತಾನದಲ್ಲಿ ಯಾಹ್ಯಾ ಖಾನನ ಸೈನ್ಯ ಜನರನ್ನು ಕೊಲ್ಲುತ್ತಿತ್ತು. ಆ ವರ್ಷ ಮುಗಿಯುವುದರೊಳಗೆ ಒಂದು ಕೋಟಿಯಷ್ಟು ಮಂದಿ ಗಡಿ ದಾಟಿ ನಮ್ಮ ದೇಶಕ್ಕೆ ಬಂದರು. ಬಂಗಾಳಿಯಾದ ರವಿಶಂಕರ್ ತಮ್ಮ ಗೆಳೆಯ, ಬೀಟಲ್ಸ್ ತಂಡದಲ್ಲಿದ್ದ ಜಾರ್ಜ್ ಹ್ಯಾರಿಸನ್‌ನ ಮುಂದೆ ಈ ಸಂಕಟ ಹೇಳಿಕೊಂಡರು. ಅವನು ಬಾಬ್ ಡಿಲನ್, ಎರಿಕ್ ಕ್ಲಾಪ್ಟನ್, ರಿಂಗೊ ಸ್ಟಾರ್ ಮುಂತಾದವರನ್ನು ಕೂಡಿಸಿ ಆಗಸ್ಟ್ 1ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಒಂದೇ ದಿನ ಎರಡು ಕಛೇರಿ ನಡೆಸಿದ. ವರ್ಷದ ಕೊನೆಗೆ ಅದು ಮೂರು ಪ್ಲೇಟುಗಳ ರಿಕಾರ್ಡಾಗಿ ಬಂತು. 1973ರಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆಯಿತು.

ಮೊದಲು ಮೆಚ್ಚಬೇಕಾದ್ದನ್ನು ಮೆಚ್ಚೋಣ. ನಿಕ್ಸನ್ ಸರ್ಕಾರ ಯಾಹ್ಯಾ ಖಾನನ ಬೆನ್ನಿಗೆ ನಿಂತಿದ್ದ ಹೊತ್ತಿನಲ್ಲಿ ಆ ಅಮೆರಿಕದೊಳಗೇ ನಿಂತು, ಆ ಸರ್ಕಾರ ಇನ್ನೂ ಒಪ್ಪದಿದ್ದ 'ಬಾಂಗ್ಲಾದೇಶ' ಎಂಬ ಹೆಸರನ್ನು ಈ ಜನ ಕೂಗಿ ಹೇಳಿದರು. ಹೆಸರಿನ ರಾಜಕೀಯ ನಮಗೆ ಗೊತ್ತು. ಮೇಲಿನವರು ಇಟ್ಟ 'ಹರಿಜನ' ಬಿಟ್ಟು ನಾವೇ 'ದಲಿತ' ಎಂದು ಹೇಳಿಕೊಂಡಾಗ ಎಷ್ಟು ಜನರ ಹೊಟ್ಟೆ ಉರಿಯಿತು! ಜನ ತಮಗೆ ತಾವೇ ಇಟ್ಟುಕೊಂಡ ಹೆಸರನ್ನು ಹೊರಗಿನವರು ಒಪ್ಪಿ ಹಾಡುವುದು ಬರೀ ಕರುಣೆಯಲ್ಲ, ಅದೊಂದು ಪಕ್ಷ ಹಿಡಿಯುವ ಕೆಲಸ.

ಇನ್ನೊಂದು ಗುಣ, ರಿಕಾರ್ಡಿನ ಮೊದಲ ಮಗ್ಗುಲು. ಅಲ್ಲಿ ರವಿಶಂಕರ್, ಅಲಿ ಅಕ್ಬರ್ ಖಾನ್, ಅಲ್ಲಾ ರಖಾ ಕೂಡಿ 'ಬಾಂಗ್ಲಾ ಧುನ್' ನುಡಿಸಿದ್ದಾರೆ. ಅವರು ಬರೀ ಶ್ರುತಿ ಕೂಡಿಸಿಕೊಂಡಿದ್ದಕ್ಕೇ ಜನ ಚಪ್ಪಾಳೆ ಹೊಡೆದರು. ರವಿಶಂಕರ್ ಚೇಷ್ಟೆಯಿಂದಲೇ ಅವರನ್ನು ಎಚ್ಚರಿಸಬೇಕಾಯಿತು. ಇದು ನಗುವ ಮಾತಷ್ಟೇ ಅಲ್ಲ. ಕೇಳಲು ಬಾರದಿದ್ದರೂ ಮೆಚ್ಚಲು ತಯಾರಾಗಿ ಬಂದ ಜನ ಅವರು. ಆದರೂ ನೊಂದ ಸೀಮೆಯ ಧಾಟಿಯೊಂದು, ಆ ಸೀಮೆಯ ನಂಟಿದ್ದವರ ಕೈಯಿಂದಲೇ ಅಲ್ಲಿ ಕೇಳಿಸಿತು. ಇಡೀ ರಿಕಾರ್ಡಿನಲ್ಲಿ ನನಗೆ ನಿಜ ಅನ್ನಿಸುವ ಭಾಗ ಇದೇ.

ಆದರೆ ಕವರು ನೋಡಿ. ಖಾಲಿ ತಟ್ಟೆಯ ಮುಂದೆ ಎಲುಬು ಕಾಣುವ ಒಂದು ಕೂಸು ಕುಂತಿದೆ. ಹಾಡಿದವರಿಗೆಲ್ಲ ಹೆಸರುಂಟು, ಆ ಕೂಸಿಗೆ ಹೆಸರಿಲ್ಲ. ಅಂಗಡಿಯ ಕಪಾಟಿನಲ್ಲಿ ಗಿರಾಕಿಯನ್ನು ಕರೆಯುವ ಕೂಲಿ ಅದರದು, ಆ ಕೂಲಿಗೆ ಪಗಾರ ಇಲ್ಲ. ಕಛೇರಿಯ ಟಿಕೇಟಿನಿಂದ ಬಂದ ಸುಮಾರು 2,43,000 ಡಾಲರು ಯುನಿಸೆಫ್‌ಗೆ ಬೇಗ ಸೇರಿತು. ಅದಕ್ಕಿಂತ ಎಷ್ಟೋ ಪಾಲು ದೊಡ್ಡದಾದ ರಿಕಾರ್ಡಿನ ದುಡ್ಡು, ಮೊದಲೇ ಕಾಗದಪತ್ರ ಸರಿಮಾಡಿಕೊಂಡಿಲ್ಲವೆಂದು ಅಮೆರಿಕದ ತೆರಿಗೆ ಇಲಾಖೆಯ ತಕರಾರಿನಲ್ಲಿ ವರ್ಷಗಟ್ಟಲೆ ಸಿಕ್ಕಿಬಿತ್ತು. ಹಸಿವು ಫೈಲಿಗಾಗಿ ಕಾಯುತ್ತದೆಯೆ?

ಅದೇ ವರ್ಷ ನವೆಂಬರ್ 15ರಿಂದ ನಮ್ಮ ದೇಶದ ಅಂಚೆಗೆ ನಿರಾಶ್ರಿತರ ಪರಿಹಾರಕ್ಕೆಂದು 5 ಪೈಸೆಯ ಹೆಚ್ಚಿನ ಚೀಟಿ ಬಂತು. ಪಟ್ಟಣಕ್ಕೆ ದುಡಿಯಲು ಹೋದ ಮಗನಿಗೆ ಕಾಗದ ಹಾಕಿದ ಬಡ ತಾಯಿಯೂ ಆ ಐದು ಪೈಸೆ ಕೊಟ್ಟಳು. ಅವಳ ಹೆಸರಿನ ರಿಕಾರ್ಡು ಎಲ್ಲೂ ಬರಲಿಲ್ಲ.

ಹ್ಯಾರಿಸನ್ ಹಾಕಿದ ದಾರಿಯಲ್ಲಿ 1984ರ ಕೊನೆಗೆ ಲಂಡನ್ನಿನ ಗಾಯಕರು 'ಬ್ಯಾಂಡ್ ಏಡ್' ಎಂದು ಕೂಡಿದರು. ಇಥಿಯೋಪಿಯಾದ ಬರಕ್ಕೆಂದು ಅವರು ಹಾಡಿದ ಹಾಡಿನ ಶೀರ್ಷಿಕೆಯೇ, ಕ್ರಿಸ್‌ಮಸ್ ಬಂದದ್ದು ಅವರಿಗೆ ಗೊತ್ತೇ ಎಂಬ ಪ್ರಶ್ನೆ. ಇಥಿಯೋಪಿಯಾಕ್ಕೆ ಕ್ರೈಸ್ತ ಧರ್ಮ ಬಂದದ್ದು ನಾಲ್ಕನೇ ಶತಮಾನದಲ್ಲಿ. ಅಲ್ಲಿಯವರು ಜನವರಿ 7ರಂದು ಹಬ್ಬ ಮಾಡುತ್ತಾರೆ. ಕೇಳಿದ್ದರೆ ಹೇಳುತ್ತಿದ್ದರು. ಮಳೆ ಹೋದದ್ದರ ಜೊತೆಗೆ ಮೆಂಗಿಸ್ತು ಸರ್ಕಾರದ ಯುದ್ಧವೂ ಆ ಬರಕ್ಕೆ ಕಾರಣ ಎಂಬುದು ಹಾಡಿನಲ್ಲಿಲ್ಲ. ಪಾಪ ಎನ್ನಿಸಬೇಕಾದರೆ ಬರಕ್ಕೆ ಕಾರಣ ಇರಬಾರದು, ಅದು ಆಕಾಶದಿಂದ ಬಿದ್ದಿರಬೇಕು. 1971ರಲ್ಲಿ ಒಂದು ಮಗ್ಗುಲಾದರೂ ಇತ್ತು. ಇಲ್ಲಿ ಅದೂ ಇಲ್ಲ. 2014ರಲ್ಲಿ ಎಬೋಲಾಕ್ಕೆಂದು ಮತ್ತೆ ಅದೇ ಹಾಡು ಹಾಡುವಾಗ ಘಾನಾ ಮೂಲದ ಫ್ಯೂಸ್ ಒಡಿಜಿ ಎಂಬ ಗಾಯಕ ಒಲ್ಲೆ ಅಂದ. ಭಲೆ.

ಒಲ್ಲೆ ಅನ್ನುವುದು ನಮ್ಮ ಸೀಮೆಗೆ ಹೊಸದಲ್ಲ. ಹುಮನಾಬಾದಿನ ಕಡೆಯ ಮೋಳಕೇರಾದಲ್ಲಿ ಮೋಳಿಗೆ ಮಾರಯ್ಯನ ನೆನಪಿನ ಜಾಗವಿದೆ. ಕಟ್ಟಿಗೆ ಮಾರಿ ಬದುಕುತ್ತಿದ್ದ ಅವನ ಬಡತನ ನೋಡಲಾರದೆ ಬಸವಣ್ಣ ಅವನ ಮನೆಯಲ್ಲಿ ಗುಟ್ಟಾಗಿ ಹೊನ್ನು ಇಟ್ಟುಬಂದನಂತೆ. ಮಾರಯ್ಯ ಅದನ್ನು ಮುಟ್ಟದೆ ಜಂಗಮರಿಗೆ ಹಂಚಿದ. ಬಸವಣ್ಣನಂಥವನ ಕರುಣೆಯೂ ದುಡಿಯುವವನ ಮಾನಕ್ಕೆ ತಾಗಿತು. ಇದನ್ನು ಪವಾಡದ ಕಥೆಯಾಗಿ ಪುರಾಣದವರು ಹೇಳುತ್ತಾರೆ. ನನಗೆ ಇದು ಕೂಲಿಕಾರನ ತಕರಾರು.

1972ರ ಬರದಲ್ಲಿ ಪಕ್ಕದ ಮರಾಠವಾಡದ ಜನ ಕಲ್ಲು ಒಡೆದು, ರಸ್ತೆ ಹಾಕಿ ಹೊಟ್ಟೆ ಹೊರೆದರು. ಕೇಳಿದವರಿಗೆ ಸರ್ಕಾರ ಕೆಲಸ ಕೊಡಲೇಬೇಕು ಎಂಬ ಕಾನೂನನ್ನು 1977ರಲ್ಲಿ ಮಹಾರಾಷ್ಟ್ರ ಮಾಡಿತು. ಅದರ ಖರ್ಚಿಗೆ ಪಟ್ಟಣದ ಪಗಾರದವರ ಮೇಲೆ ವೃತ್ತಿ ತೆರಿಗೆ ಬಿತ್ತು. ಅಲ್ಲಿ ಕೊಡುವವನು ಹಾಡಬೇಕಾಗಿಲ್ಲ, ಇಸಿದುಕೊಳ್ಳುವವನು ಕೈಮುಗಿಯಬೇಕಾಗಿಲ್ಲ. ಆ ಕಾಲದಲ್ಲೇ, 1975ರಲ್ಲಿ, ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಆ ಹಾಡುಗಳು ಕಂಪನಿಯ ಹಂಗಿಲ್ಲದೆ ಮೆರವಣಿಗೆಗಳಲ್ಲಿ ಬಾಯಿಂದ ಬಾಯಿಗೆ ಹೋದವು. ಅವು ಯಾರ ಹತ್ತಿರವೂ ಸಹಾಯ ಕೇಳಲಿಲ್ಲ, ಲೆಕ್ಕ ಕೇಳಿದವು.

ಹ್ಯಾರಿಸನ್‌ನ ರಿಕಾರ್ಡು 2005ರಲ್ಲಿ ಮತ್ತೆ ಅಚ್ಚಾಗಿ ಬಂತು. ಕವರು ಬದಲಾಗಿದೆ. ಕೂಸು ಇದ್ದ ಜಾಗದಲ್ಲಿ ಈಗ ಹ್ಯಾರಿಸನ್‌ನ ಫೋಟೋ ಇದೆ.